ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಎಂ ಏಳುತ್ತಿಲ್ಲವೇ? ಡಿಲೀಟ್ ಒತ್ತಬೇಡಿ!

ಮೈಸೂರಿನ ಪಿಜಿ, ಹಾಸ್ಟೆಲ್‌ಗಳಲ್ಲಿ ಲ್ಯಾಪ್‌ಟಾಪ್ ಬದಲಾಗುವುದಕ್ಕೂ ಒಂದು ಕಾಲವಿದೆ. ಕೊನೆಯ ಸೆಮಿಸ್ಟರ್‌ನಲ್ಲಿ ಹಳೆಯ ಯಂತ್ರ ಕೈಕೊಟ್ಟಾಗ, ಇಲ್ಲವೇ ಕ್ಯಾಂಪಸ್ ಸೆಲೆಕ್ಷನ್ ಆಯಿತೆಂದು ಮನೆಯವರು ಖುಷಿಯಿಂದ ಹೊಸದು ಕೊಡಿಸಿದಾಗ. ಫೋಟೊ, ಹಾಡು, ನೋಟ್ಸ್ ಎಲ್ಲವೂ ಒಂದು ಸಂಜೆಯಲ್ಲಿ ಹೊಸ ಯಂತ್ರಕ್ಕೆ ಬಂದುಬಿಡುತ್ತವೆ. ಹಟ ಹಿಡಿಯುವುದು ಒಂದೇ: ವರ್ಚುವಲ್ ಮಷೀನ್, ಅಂದರೆ ವಿಎಂ. ಆರು ತಿಂಗಳು ಕಷ್ಟಪಟ್ಟು ಕಟ್ಟಿದ ಪ್ರಾಜೆಕ್ಟ್ ಇರುವುದೂ ಅದರೊಳಗೇ.

ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸದಲ್ಲಿರುವುದರಿಂದ ಅಕ್ಕಪಕ್ಕದ ರೂಮಿನ ಹುಡುಗರು ಇಂಥ ಲ್ಯಾಪ್‌ಟಾಪ್‌ಗಳನ್ನು ನನ್ನ ಬಳಿ ತರುತ್ತಾರೆ. ನಾನು ಗಮನಿಸಿದ ಹಾಗೆ, ವಿಎಂ ಆನ್ ಆಗದಿದ್ದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಅದನ್ನು ಡಿಲೀಟ್ ಮಾಡಿ ಹೊಸದಾಗಿ ಇನ್‌ಸ್ಟಾಲ್ ಮಾಡುವುದು. ಅಲ್ಲಿಗೆ, ಉಳಿಸಬಹುದಾಗಿದ್ದ ಕೆಲಸವೂ ಹೋಯಿತು. ಬಹಳಷ್ಟು ಸಲ ಕೆಟ್ಟಿರುವುದು ವಿಎಂ ಒಳಗಿನ ಪ್ರಾಜೆಕ್ಟ್ ಅಲ್ಲ, ಅದಕ್ಕೂ ಹೊಸ ಕಂಪ್ಯೂಟರಿಗೂ ಇರಬೇಕಾದ ಹೊಂದಾಣಿಕೆ.

ವಠಾರದ ಮನೆಯಂತೆ

ನಮ್ಮ ಹಳೇ ಮೈಸೂರಿನ ವಠಾರಗಳನ್ನು ನೋಡಿದವರಿಗೆ ವಿಎಂ ಅರ್ಥವಾಗುವುದು ಸುಲಭ. ಕಟ್ಟಡ ಒಂದೇ, ಒಳಗೆ ಸಂಸಾರ ಹಲವು. ನೀರು, ಕರೆಂಟು ಎಲ್ಲ ಮಾಲೀಕರಿಂದಲೇ ಬರಬೇಕು. ಇಲ್ಲಿ ಮಾಲೀಕನ ಹೆಸರು ಹೋಸ್ಟ್, ಅಂದರೆ ನಿಮ್ಮ ಲ್ಯಾಪ್‌ಟಾಪ್. ಬಾಡಿಗೆದಾರ ಗೆಸ್ಟ್, ಅಂದರೆ ಒಳಗೆ ಓಡುವ ಉಬುಂಟು, ಕಾಲಿ ಲಿನಕ್ಸ್ ಅಥವಾ ಹಳೆಯ ವಿಂಡೋಸ್. ಪ್ರೊಸೆಸರ್, ಮೆಮೊರಿ, ನೆಟ್‌ವರ್ಕ್ ಎಲ್ಲವನ್ನೂ ಹೋಸ್ಟ್ ಹಂಚಿ ಕೊಡಬೇಕು. ಮನೆ ಬದಲಾಯಿಸುವಾಗ ಸಾಮಾನು ಸಾಗಿಸಿದರಷ್ಟೇ ಸಾಲದು, ಹೊಸ ಮನೆಯಲ್ಲಿ ನಲ್ಲಿ, ಮೀಟರು ಇವೆಯೇ ಎಂದೂ ನೋಡಬೇಕಲ್ಲವೇ?

ಈ ತಂತ್ರಜ್ಞಾನ ಹೊಸದೇನಲ್ಲ. ಐಬಿಎಂ ಕಂಪನಿ 1972ರಲ್ಲೇ ತನ್ನ ದೊಡ್ಡ ಕಂಪ್ಯೂಟರ್‌ಗಳಿಗಾಗಿ ವಿಎಂ/370 ಎಂಬ ವ್ಯವಸ್ಥೆ ಪ್ರಕಟಿಸಿತ್ತು. ವಿಎಂವೇರ್ ಶುರುವಾಗಿದ್ದು 1998ರಲ್ಲಿ. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ವರ್ಚುವಲೈಸೇಷನ್‌ಗೆ ಬೇಕಾದ ಸೌಲಭ್ಯವನ್ನು ಪ್ರೊಸೆಸರ್‌ನಲ್ಲೇ ಕೊಡಲು ಆರಂಭಿಸಿದವು. ವಿದ್ಯಾರ್ಥಿಗಳು ಹೆಚ್ಚು ಬಳಸುವ ವರ್ಚುವಲ್‌ಬಾಕ್ಸ್ 2007ರಲ್ಲಿ ಇನ್ನೊಟೆಕ್ ಎಂಬ ಜರ್ಮನ್ ಕಂಪನಿಯಿಂದ ಬಂತು. ನಂತರ ಸನ್ ಮೈಕ್ರೊಸಿಸ್ಟಮ್ಸ್, 2010ರಿಂದ ಒರಾಕಲ್ ಅದರ ಒಡೆತನ ಪಡೆದವು. ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ವರ್ಚುವಲ್‌ಬಾಕ್ಸ್ ಬಗ್ಗೆ.

ಮೊದಲ ಪರೀಕ್ಷೆ

ದೋಷದ ಸಂದೇಶ ಬಂದ ಕೂಡಲೇ 'ಓಕೆ' ಒತ್ತಿ ಮುಚ್ಚಬೇಡಿ. ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಸಂದೇಶದ ಕೊನೆಯಲ್ಲಿರುವ ದೊಡ್ಡಕ್ಷರಗಳ ಕೋಡ್ ಅರ್ಧ ಉತ್ತರವನ್ನು ಹೇಳುತ್ತದೆ. ವಿಎಂ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಶೋ ಲಾಗ್' ಆರಿಸಿದರೆ ಪೂರ್ತಿ ವಿವರ ಸಿಗುತ್ತದೆ.

ನಂತರ ಒಂದು ಸಣ್ಣ ಪರೀಕ್ಷೆ ಮಾಡಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಏನೂ ಇಲ್ಲದ, 64 ಬಿಟ್‌ನ ಖಾಲಿ ವಿಎಂ ಒಂದನ್ನು ಸೃಷ್ಟಿಸಿ ಸ್ಟಾರ್ಟ್ ಕೊಡಿ. ಬೂಟ್ ಮಾಡಲು ಡಿಸ್ಕ್ ಇಲ್ಲ ಎಂದು ಅದು ಹೇಳಿದರೆ ಸಂತೋಷಪಡಿ. ಹೊಸ ಕಂಪ್ಯೂಟರ್ ಸರಿಯಿದೆ, ತೊಂದರೆ ಇರುವುದು ನೀವು ತಂದ ಫೈಲ್‌ಗಳಲ್ಲಿ ಅಥವಾ ಸೆಟ್ಟಿಂಗ್‌ಗಳಲ್ಲಿ. ಖಾಲಿ ವಿಎಂ ಕೂಡ ಏಳದಿದ್ದರೆ ತೊಂದರೆ ಹೊಸ ಕಂಪ್ಯೂಟರಿನದೇ. ಈ ಐದು ನಿಮಿಷದ ಪರೀಕ್ಷೆಯಿಂದ ಅರ್ಧ ಹುಡುಕಾಟ ಮುಗಿಯುತ್ತದೆ.

ತೊಂದರೆ ಹೊಸ ಕಂಪ್ಯೂಟರಿನದಾದರೆ...

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿ. 'ವರ್ಚುವಲೈಸೇಷನ್: ಡಿಸೇಬಲ್ಡ್' ಎಂದಿದ್ದರೆ ಪ್ರೊಸೆಸರ್‌ನ ಆ ಸೌಲಭ್ಯವನ್ನು ಯಾರೂ ಆನ್ ಮಾಡಿಲ್ಲ ಎಂದರ್ಥ. ಕಂಪ್ಯೂಟರ್ ಶುರುವಾಗುವಾಗ ಎಫ್2, ಎಫ್10 ಅಥವಾ ಡಿಲೀಟ್ ಕೀ ಒತ್ತಿ (ಕಂಪನಿಗೊಂದು ಕೀ ಇರುತ್ತದೆ) ಬಯಾಸ್‌ಗೆ ಹೋಗಬೇಕು. ಇಂಟೆಲ್ ಆದರೆ 'ವರ್ಚುವಲೈಸೇಷನ್ ಟೆಕ್ನಾಲಜಿ', ಎಎಂಡಿ ಆದರೆ 'ಎಸ್‌ವಿಎಂ ಮೋಡ್' ಎನ್ನುವುದನ್ನು ಆನ್ ಮಾಡಬೇಕು. ಬಯಾಸ್ ಮುಟ್ಟುವ ಮೊದಲು ನಿಮ್ಮ ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಕೆಲವು ಬದಲಾವಣೆಗಳ ನಂತರ ವಿಂಡೋಸ್ ಅದನ್ನು ಕೇಳಬಹುದು.

'ಎನೇಬಲ್ಡ್' ಎಂದೇ ಇದ್ದರೂ ವಿಎಂ ತೆವಳುತ್ತಿದ್ದರೆ ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟಿ ನೋಡಿ. ಅಲ್ಲಿ ಹಸಿರು ಆಮೆಯ ಚಿತ್ರ ಕಂಡರೆ ವಿಂಡೋಸ್‌ನ ಸ್ವಂತ ಹೈಪರ್-ವಿ ವ್ಯವಸ್ಥೆ ಮೊದಲೇ ಜಾಗ ಹಿಡಿದು ಕೂತಿದೆ ಎಂದರ್ಥ. ಡಾಕರ್ ಡೆಸ್ಕ್‌ಟಾಪ್, ಡಬ್ಲ್ಯುಎಸ್‌ಎಲ್ 2 ಬಳಸಿದರೂ, ವಿಂಡೋಸ್ 11ರ 'ಮೆಮೊರಿ ಇಂಟೆಗ್ರಿಟಿ' ಭದ್ರತೆ ಆನ್ ಆಗಿದ್ದರೂ ಹೀಗಾಗುತ್ತದೆ. ಅವುಗಳನ್ನು ಆಫ್ ಮಾಡಿದರೆ ವೇಗ ಬರುತ್ತದೆ, ಆದರೆ ಭದ್ರತೆ ಸ್ವಲ್ಪ ಕಡಿಮೆಯಾಗುತ್ತದೆ. ಸ್ವಂತ ಲ್ಯಾಪ್‌ಟಾಪ್ ಆದರೆ ನಿಮ್ಮಿಷ್ಟ. ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಐಟಿ ವಿಭಾಗವನ್ನು ಕೇಳದೆ ಮುಟ್ಟಬೇಡಿ.

ಹೊಸ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿಕೊಂಡವರಿಗೆ ಬೇರೆ ಎರಡು ತೊಡಕುಗಳಿವೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಕರ್ನಲ್ ಮಾಡ್ಯೂಲ್ ಲೋಡ್ ಆಗುವುದಿಲ್ಲ, ಆಗ 'ಕರ್ನಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್' ಎನ್ನುವ ಸಂದೇಶ ಬರುತ್ತದೆ. ಇನ್ನು ಲಿನಕ್ಸ್ ಕರ್ನಲ್ 6.12ರಿಂದ ಈಚೆಗೆ, ಲಿನಕ್ಸ್‌ನದೇ ಆದ ಕೆವಿಎಂ ಮಾಡ್ಯೂಲ್ ಲೋಡ್ ಆದ ತಕ್ಷಣ ಪ್ರೊಸೆಸರ್‌ನ ಸೌಲಭ್ಯವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಮಾಡ್ಯೂಲನ್ನು ಇಳಿಸಿದರೆ ವರ್ಚುವಲ್‌ಬಾಕ್ಸ್‌ಗೆ ದಾರಿ ಬಿಡುತ್ತದೆ.

ಸೆಟ್ಟಿಂಗ್ ಬದಲಿಸಿ ಸರಿಪಡಿಸಲಾಗದ ಸಮಸ್ಯೆಯೂ ಒಂದಿದೆ. ಆಪಲ್ ಕಂಪನಿ 2020ರ ನವೆಂಬರ್‌ನಿಂದ ಮ್ಯಾಕ್‌ಗಳಿಗೆ ತನ್ನದೇ ಎಂ1 ಚಿಪ್ ಹಾಕತೊಡಗಿತು. ಅದು ಆರ್ಮ್ ಮಾದರಿಯದು. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಅಷ್ಟೇ. ಇಂಟೆಲ್ ಅಥವಾ ಎಎಂಡಿ ಯಂತ್ರದಲ್ಲಿ ಮಾಡಿದ ವಿಎಂ ಇವುಗಳ ಮೇಲೆ ನೇರವಾಗಿ ಓಡುವುದಿಲ್ಲ. ಯುಟಿಎಂನಂಥ ತಂತ್ರಾಂಶದಲ್ಲಿ ಎಮ್ಯುಲೇಷನ್ ಮೂಲಕ ಓಡಿಸಬಹುದಾದರೂ ಬಹಳ ನಿಧಾನ. ಒಳಗಿನ ಕೋಡ್, ಡೇಟಾ ಹೊರತೆಗೆದು ಆರ್ಮ್ ಲಿನಕ್ಸ್‌ನಲ್ಲಿ ಮತ್ತೆ ಕಟ್ಟುವುದೇ ವಾಸಿ. ಹೊಸದು ಕೊಳ್ಳುವ ಮೊದಲೇ ಇದನ್ನು ಯೋಚಿಸಬೇಕು.

ತೊಂದರೆ ತಂದ ಫೈಲ್‌ಗಳದಾದರೆ...

ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್‌ನಲ್ಲಿ 4 ಜಿಬಿ ಮೀರಿದ ಒಂದೇ ಫೈಲ್ ಹಿಡಿಸುವುದಿಲ್ಲ. ವಿಎಂನ ಡಿಸ್ಕ್ ಫೈಲ್ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಡ್ರೈವ್ ಬಳಸಿ. ಕಾಪಿ ಆದ ಮೇಲೆ ಎರಡೂ ಕಡೆ ಫೈಲ್ ಗಾತ್ರ ಬೈಟ್ ಲೆಕ್ಕದಲ್ಲಿ ಒಂದೇ ಇದೆಯೇ ನೋಡಿ. ವಿಂಡೋಸ್ ಪವರ್‌ಶೆಲ್‌ನಲ್ಲಿ 'ಗೆಟ್-ಫೈಲ್‌ಹ್ಯಾಶ್' ಆಜ್ಞೆ ಕೊಟ್ಟು ಎರಡೂ ಫೈಲ್‌ಗಳ ಹ್ಯಾಶ್ ಹೋಲಿಸಿದರೆ ಇನ್ನೂ ಖಚಿತ.

ಎಲ್ಲಕ್ಕಿಂತ ಅಪಾಯಕಾರಿ ಸಂಗತಿ ಸ್ನ್ಯಾಪ್‌ಶಾಟ್. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೂಲ ಡಿಸ್ಕ್ ಫೈಲ್‌ಗೆ ಹೊಸದೇನೂ ಸೇರುವುದಿಲ್ಲ. ಆಮೇಲಿನ ಬದಲಾವಣೆಗಳೆಲ್ಲ 'ಸ್ನ್ಯಾಪ್‌ಶಾಟ್ಸ್' ಫೋಲ್ಡರ್‌ನ ಬೇರೆ ಫೈಲ್‌ಗಳಿಗೆ ಹೋಗುತ್ತವೆ. ಕಳೆದ ವರ್ಷ ಎಂಸಿಎ ಓದುತ್ತಿದ್ದ ಹುಡುಗನೊಬ್ಬ ವೈವಾಕ್ಕೆ ನಾಲ್ಕು ದಿನ ಇರುವಾಗ ನನ್ನ ರೂಮಿಗೆ ಬಂದ. ದೊಡ್ಡ ಡಿಸ್ಕ್ ಫೈಲ್ ಒಂದನ್ನೇ ತಂದು, ಹೊಸ ವಿಎಂಗೆ ಜೋಡಿಸಿ ಆನ್ ಮಾಡಿದ್ದ. ಉಬುಂಟು ಎದ್ದಿತ್ತು, ಆದರೆ ಒಳಗಿದ್ದದ್ದು ಫೆಬ್ರುವರಿಯ ಪ್ರಾಜೆಕ್ಟ್. 'ಅಣ್ಣಾ, ಮೂರು ತಿಂಗಳ ಕೆಲಸ ಹೋಯ್ತು' ಎನ್ನುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ.

'ಹಳೇ ಲ್ಯಾಪ್‌ಟಾಪ್ ಎಲ್ಲಿದೆಯೋ?' ಎಂದೆ. ಎಕ್ಸ್‌ಚೇಂಜ್‌ಗೆಂದು ಅಂಗಡಿಗೆ ಕೊಟ್ಟಿದ್ದ. ಇಬ್ಬರೂ ಕೂಡಲೇ ಬೈಕ್ ಹತ್ತಿ ಹೊರಟೆವು. ಪುಣ್ಯಕ್ಕೆ ಅಂಗಡಿಯವರು ಅದನ್ನಿನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲ. ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತು, ವಿಎಂನ ಇಡೀ ಫೋಲ್ಡರ್ ಅನ್ನು ಎಕ್ಸ್‌ಟರ್ನಲ್ ಡ್ರೈವ್‌ಗೆ ತುಂಬಿಕೊಂಡೆವು. ಹಳೆಯ ಯಂತ್ರದಲ್ಲಿದ್ದ ಮೂಲ ಡಿಸ್ಕ್ ಯಾರೂ ಮುಟ್ಟದೆ ಹಾಗೇ ಇದ್ದದ್ದು ನಮ್ಮನ್ನು ಉಳಿಸಿತು. ಏಕೆಂದರೆ ಸ್ನ್ಯಾಪ್‌ಶಾಟ್ ಇರುವ ಮೂಲ ಡಿಸ್ಕನ್ನು ಹೀಗೆ ಒಂಟಿಯಾಗಿ ಆನ್ ಮಾಡಿದರೆ ಅದರೊಳಗೆ ಹೊಸ ಬರವಣಿಗೆ ಆಗಿ, ಸ್ನ್ಯಾಪ್‌ಶಾಟ್ ಫೈಲ್‌ಗಳಿಗೂ ಅದಕ್ಕೂ ತಾಳೆ ತಪ್ಪುತ್ತದೆ. ಅವನು ಆನ್ ಮಾಡಿದ್ದ ಪ್ರತಿ ಆಗಲೇ ಕೆಲಸಕ್ಕೆ ಬಾರದಂತಾಗಿತ್ತು.

ರೂಮಿಗೆ ಬಂದು, ಮೊದಲಿನ ಪ್ರತಿಯನ್ನು ವರ್ಚುವಲ್‌ಬಾಕ್ಸ್ ಪಟ್ಟಿಯಿಂದಲೂ ಮೀಡಿಯಾ ಮ್ಯಾನೇಜರ್‌ನಿಂದಲೂ ತೆಗೆದೆವು. ಎರಡೂ ಡಿಸ್ಕ್‌ಗಳ ಗುರುತಿನ ಸಂಖ್ಯೆ ಒಂದೇ ಆದ್ದರಿಂದ ಒಟ್ಟಿಗೆ ಇರಲು ಅದು ಒಪ್ಪುವುದಿಲ್ಲ. ನಂತರ 'ಆ್ಯಡ್' ಒತ್ತಿ, ಹೊಸದಾಗಿ ತಂದ ಫೋಲ್ಡರ್‌ನ ವಿಬಾಕ್ಸ್ ಫೈಲ್ ತೋರಿಸಿದೆವು. ರಾತ್ರಿ ಹತ್ತರ ಸುಮಾರಿಗೆ ಮೇ ತಿಂಗಳ ಪ್ರಾಜೆಕ್ಟ್ ಪರದೆಯ ಮೇಲೆ ಬಂತು. ವೈವಾ ದಿನ ಅದನ್ನೇ ಓಡಿಸಿ ತೋರಿಸಿದ.

ಸೇವ್ಡ್ ಸ್ಟೇಟ್‌ನಲ್ಲಿ ತಂದ ವಿಎಂ ಕೂಡ ಹೊಸ ಪ್ರೊಸೆಸರ್ ಮೇಲೆ ಏಳದಿರಬಹುದು, ಅದು ಅರ್ಧ ನಿದ್ದೆಯಲ್ಲಿ ಎತ್ತಿ ತಂದಂತೆ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಅಲ್ಲೇ ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ತನ್ನಿ. ಇಲ್ಲದಿದ್ದರೆ 'ಡಿಸ್ಕಾರ್ಡ್ ಸೇವ್ಡ್ ಸ್ಟೇಟ್' ಕೊಡಿ. ಸೇವ್ ಮಾಡದ ಕೆಲಸವಷ್ಟೇ ಹೋಗುತ್ತದೆ, ಡಿಸ್ಕ್ ಉಳಿಯುತ್ತದೆ. ಸ್ನ್ಯಾಪ್‌ಶಾಟ್ ಇಲ್ಲದ ಡಿಸ್ಕನ್ನು ಹೊಸ ವಿಎಂಗೆ ಜೋಡಿಸಿದಾಗ ಬೂಟ್ ಆಗದಿದ್ದರೆ, ಹಳೆಯದರಲ್ಲಿ ಇಎಫ್‌ಐ ಆನ್ ಇತ್ತೇ, ಡಿಸ್ಕ್ ಕಂಟ್ರೋಲರ್ ಸಾಟಾ ಆಗಿತ್ತೇ, ಐಡಿಇ ಆಗಿತ್ತೇ ನೋಡಿ ಹಾಗೆಯೇ ಇಡಿ.

ಎದ್ದಿತು, ಆದರೆ ಇಂಟರ್ನೆಟ್ ಇಲ್ಲ

ಬ್ರಿಡ್ಜ್ಡ್ ಅಡಾಪ್ಟರ್ ಆರಿಸಿದ್ದರೆ ವಿಎಂ ತನ್ನ ಹಳೆಯ ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಹೆಸರನ್ನೇ ಹುಡುಕುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಹೊಸ ಕಾರ್ಡ್ ಆರಿಸಿ, ಅಥವಾ ಸದ್ಯಕ್ಕೆ 'ನ್ಯಾಟ್'ಗೆ ಬದಲಾಯಿಸಿ. ಶೇರ್ಡ್ ಫೋಲ್ಡರ್ ಕೂಡ ಹಳೆಯ ವಿಳಾಸವನ್ನೇ ನೆನಪಿಟ್ಟುಕೊಂಡಿರುತ್ತದೆ, ಹೊಸದನ್ನು ಕೊಡಬೇಕು. ಹೊಸ ಯಂತ್ರದಲ್ಲಿ ರ‍್ಯಾಮ್ ಕಡಿಮೆ ಇದ್ದರೆ ವಿಎಂನ ಪಾಲನ್ನೂ ಇಳಿಸಿ. ವಿಎಂವೇರ್ ಬಳಸುವವರಿಗೆ ಮೊದಲ ಸಲ 'ಸ್ಥಳಾಂತರಿಸಿದ್ದೋ, ನಕಲು ಮಾಡಿದ್ದೋ' ಎಂಬ ಪ್ರಶ್ನೆ ಎದುರಾಗುತ್ತದೆ. 'ನಕಲು' ಎಂದರೆ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ ಬದಲಾಗುತ್ತದೆ. ಹಳೆಯದನ್ನು ಇನ್ನು ಬಳಸುವುದಿಲ್ಲವಾದರೆ 'ಸ್ಥಳಾಂತರ' ಆರಿಸಿ.

ಸಾಗಿಸುವ ಮುನ್ನ

* ವಿಎಂ ಅನ್ನು ಪೂರ್ತಿ ಶಟ್‌ಡೌನ್ ಮಾಡಿ, ಸೇವ್ಡ್ ಸ್ಟೇಟ್‌ನಲ್ಲಿ ಬಿಡಬೇಡಿ.
* ಇಡೀ ಫೋಲ್ಡರ್ ಕಾಪಿ ಮಾಡಿ. 'ಎಕ್ಸ್‌ಪೋರ್ಟ್ ಅಪ್ಲಯನ್ಸ್' ಮೂಲಕ ಒಂದೇ ಒವಿಎ ಫೈಲ್ ಮಾಡಿಕೊಂಡರೂ ಸರಿ. ಅದರಲ್ಲಿ ವಿಎಂನ ಈಗಿನ ಸ್ಥಿತಿ ಮಾತ್ರ ಬರುತ್ತದೆ, ಹಳೆಯ ಸ್ನ್ಯಾಪ್‌ಶಾಟ್‌ಗಳು ಬರುವುದಿಲ್ಲ.
* ಸೆಟ್ಟಿಂಗ್‌ಗಳ ಪ್ರತಿ ಪುಟದ ಫೋಟೊ ತೆಗೆದಿಡಿ.
* ಹೊಸ ಯಂತ್ರದಲ್ಲಿ ಅದೇ ಅಥವಾ ಅದಕ್ಕಿಂತ ಹೊಸ ಆವೃತ್ತಿಯ ವರ್ಚುವಲ್‌ಬಾಕ್ಸ್ ಹಾಕಿ.
* ಪ್ರಾಜೆಕ್ಟ್‌ನ ಕೋಡ್, ಡೇಟಾಬೇಸ್‌ಗಳ ಪ್ರತಿಯನ್ನು ವಿಎಂ ಹೊರಗೂ ಇಡಿ.
* ಹೊಸ ಯಂತ್ರದಲ್ಲಿ ಎಲ್ಲವೂ ಒಂದು ವಾರ ಸರಿಯಾಗಿ ಓಡುವವರೆಗೆ ಹಳೆಯದನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ಸಂದರ್ಶನಕ್ಕೂ ಬೇಕು

ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗುವ ಸರ್ವರ್‌ಗಳಲ್ಲಿ ಹೆಚ್ಚಿನವು ವಿಎಂಗಳೇ. ಕಂಪನಿಗಳು ತಮ್ಮ ಸರ್ವರ್‌ಗಳನ್ನು ಕ್ಲೌಡ್‌ಗೆ ಸಾಗಿಸುವಾಗಲೂ ಎದುರಾಗುವುದು ಇಂಥವೇ ತೊಡಕುಗಳು: ನೆಟ್‌ವರ್ಕ್ ಹೆಸರು, ಡಿಸ್ಕ್ ಡ್ರೈವರ್, ಬೂಟ್ ಆಗುವ ವಿಧಾನ. ಅಲ್ಲಿ ಪ್ರಮಾಣ ದೊಡ್ಡದು ಅಷ್ಟೇ. 'ನೀವೇ ಬಗೆಹರಿಸಿದ ಒಂದು ತಾಂತ್ರಿಕ ಸಮಸ್ಯೆ ಹೇಳಿ' ಎಂದು ಸಂದರ್ಶನದಲ್ಲಿ ಕೇಳಿದರೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಹೇಗೂ ವಿಎಂ ಸರಿಮಾಡಲು ಕೂರುತ್ತೀರಿ, ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬಂದ ಸಂದೇಶ ಯಾವುದು, ಏನು ಪರೀಕ್ಷಿಸಿದಿರಿ, ಯಾವುದರಿಂದ ಸರಿಹೋಯಿತು ಎಂದು ದಿನಾಂಕ ಹಾಕಿ ಬರೆಯಿರಿ. ನಮ್ಮ ಎಂಸಿಎ ಹುಡುಗ ಆ ರಾತ್ರಿಯ ವಿವರವನ್ನು ಒಂದೂವರೆ ಪುಟ ಬರೆದಿಟ್ಟುಕೊಂಡಿದ್ದಾನೆ. ಈಗ ಅವನ ಪಿಜಿಯಲ್ಲಿ ಯಾರದಾದರೂ ವಿಎಂ ಕೆಟ್ಟರೆ ಮೊದಲು ಹೋಗುವುದು ಅವನ ರೂಮಿಗೇ.