ನೆಲದ ಮೇಲೆ ಕುಳಿತೇ ಹಾರುವ ಯುದ್ಧವಿಮಾನ

ಗಂಟೆಗೆ 900 ಕಿಲೋಮೀಟರ್ ವೇಗದ ಯುದ್ಧವಿಮಾನವು ರಾಯಚೂರಿನಿಂದ ನೇರವಾಗಿ ಹಾರಿದರೆ ಮೂರು ನಿಮಿಷದೊಳಗೆ ಮಾನ್ವಿಯನ್ನೂ, ಸುಮಾರು ಮೂರೂವರೆ ನಿಮಿಷದಲ್ಲಿ ದೇವದುರ್ಗವನ್ನೂ ಮುಟ್ಟುವುದು. ಈ ಅನುಭವವನ್ನು ನೆಲದ ಮೇಲೆಯೇ ನೀಡುವ ಸಾಧನಕ್ಕೆ ಸಿಮ್ಯುಲೇಟರ್ ಎಂದು ಹೆಸರು. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು ಆರ್ಗನ್ ವಾದ್ಯದ ತಿದಿಗಳಿಂದ ಓಲಾಡುವ ಇಂತಹ ಯಂತ್ರವೊಂದನ್ನು ರೂಪಿಸಿದನು. ಇಂದು ಮನೆಯ ಕಂಪ್ಯೂಟರೇ ಆ ಕೆಲಸವನ್ನು ಮಾಡಬಲ್ಲದು.

ಆದರೆ ಎಂತಹ ಕಂಪ್ಯೂಟರನ್ನು ಕೊಳ್ಳಬೇಕು? ವಿದ್ಯಾರ್ಥಿಯ ಹಣ ಮಿತವಾದುದರಿಂದ ಇದು ಸಣ್ಣ ಪ್ರಶ್ನೆಯಲ್ಲ. ರೆಕ್ಕೆಗಳ ಮೇಲಣ ಬಲಗಳನ್ನು ಲೆಕ್ಕಹಾಕಿ, ನ್ಯೂಟನ್ನನ ನಿಯಮಗಳಂತೆ ವಿಮಾನದ ಮುಂದಿನ ಸ್ಥಾನವನ್ನು ಕಂಡುಹಿಡಿಯುವುದು ಪ್ರೊಸೆಸರು. ಆ ನೋಟವನ್ನು ಚಿತ್ರಿಸುವುದು ಗ್ರಾಫಿಕ್ಸ್ ಕಾರ್ಡು. ನಮ್ಮೆದುರು ಅಡ್ಡಹಾಯುವ ಶತ್ರುವಿಮಾನವು ಸೆಕೆಂಡಿಗೆ 250 ಮೀಟರ್ ಸಾಗುತ್ತದೆಯೆನ್ನೋಣ. ಸೆಕೆಂಡಿಗೆ 60 ಚಿತ್ರಗಳು ಮೂಡಿದರೆ, ಒಂದು ಚಿತ್ರದಿಂದ ಮುಂದಿನದಕ್ಕೆ ಅದರ ನೆಗೆತ ಸುಮಾರು 4 ಮೀಟರ್. 20 ಮಾತ್ರ ಮೂಡಿದರೆ 12.5 ಮೀಟರ್. ಆಗ ಗುರಿಯಿಡುವುದು ಕಷ್ಟ.

ಆದುದರಿಂದ ಕೊಳ್ಳುವ ಮೊದಲು ಒಂದು ಪರೀಕ್ಷೆ ನಡೆಸೋಣ. ಇರುವ ಕಂಪ್ಯೂಟರಿನಲ್ಲಿ ಚಿತ್ರದ ರೆಸಲ್ಯೂಷನ್ ತಗ್ಗಿಸಿ ನೋಡೋಣ. ಚಿತ್ರಗಳ ಸಂಖ್ಯೆ ಏರಿದರೆ ಕೊರತೆ ಕಾರ್ಡಿನದು. ಏರದಿದ್ದರೆ ಬಹುಮಟ್ಟಿಗೆ ಪ್ರೊಸೆಸರಿನದು. ಕೊರತೆಯಿರುವಲ್ಲಿಗೇ ಹಣ ಸಲ್ಲಲಿ.