ಹಿಮನದಿಯ ಮೇಲೆ ನಡೆಯುವ ಕಂಬಗಳು

ಸ್ವಿಟ್ಜರ್ಲೆಂಡಿನ ನಿಸರ್ಗ ವಿಜ್ಞಾನಿ ಫ್ರಾನ್ಸ್ ಜೋಸೆಫ್ ಹ್ಯೂಗಿ 1827ರಲ್ಲಿ ಉಂಟರಾರ್ ಎಂಬ ಹಿಮನದಿಯ ಮೇಲೆ ಒಂದು ಗುಡಿಸಲು ಕಟ್ಟಿಸಿದ. ಹದಿನಾಲ್ಕು ವರ್ಷಗಳ ಬಳಿಕ, 1841ರಲ್ಲಿ, ಲೂಯಿ ಅಗಾಸಿ ಎಂಬ ಇನ್ನೊಬ್ಬ ವಿಜ್ಞಾನಿ ಅಳೆದು ನೋಡಿದಾಗ ಗುಡಿಸಲು ಮೊದಲಿದ್ದ ಜಾಗದಿಂದ ಸುಮಾರು 1,400 ಮೀಟರ್ ಕೆಳಕ್ಕೆ ಬಂದಿತ್ತು! ಯಾರೂ ಅದನ್ನು ಹೊತ್ತು ತಂದಿರಲಿಲ್ಲ. ಅಡಿಯಲ್ಲಿದ್ದ ಮಂಜುಗಡ್ಡೆಯೇ ವರ್ಷಕ್ಕೆ ಸರಾಸರಿ 100 ಮೀಟರಿನಂತೆ ಹರಿದು ಬಂದಿತ್ತು.

ಗುಡಿಸಲು ಜರುಗಿದರೆ ಅಂಥ ನಷ್ಟವೇನಿಲ್ಲ. ಆದರೆ ಇಂಥ ಮಂಜಿನ ಮೇಲೆ ಸಾಲಾಗಿ ಉಕ್ಕಿನ ಕಂಬಗಳನ್ನು ನಿಲ್ಲಿಸಿ, ಅವುಗಳ ರಾಟೆಗಳ ಮೇಲೆ ಹಗ್ಗ ಹಾಯಿಸಿ, ಆ ಹಗ್ಗದಿಂದ ಜನರನ್ನು ಬೆಟ್ಟಕ್ಕೆ ಎಳೆಯಬೇಕಾದರೆ? ಆಲ್ಪ್ಸ್ ಪರ್ವತಗಳ ಎಂಜಿನಿಯರುಗಳು ಎದುರಿಸುತ್ತಿರುವುದು ಇದೇ ಸಮಸ್ಯೆಯನ್ನು.

ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟವೇ ಸ್ಕೀಯಿಂಗ್. ಜಾರುವುದೇನೋ ಸರಿ, ಮತ್ತೆ ಮೇಲೇರಲು ಸ್ಕೀ ಲಿಫ್ಟ್ ಬೇಕು. ಬೇಸಿಗೆಯಲ್ಲಿ ಕೆಳಗಿನ ಇಳಿಜಾರುಗಳ ಹಿಮ ಕರಗಿಹೋಗುತ್ತದೆ. ಎತ್ತರದ ಹಿಮನದಿಗಳ ಮೇಲೆ ಮಾತ್ರ ಉಳಿದಿರುತ್ತದೆ. ಆದ್ದರಿಂದಲೇ ಆಸ್ಟ್ರಿಯಾದ ಹಿಂಟರ್‌ಟುಕ್ಸ್, ಸ್ವಿಟ್ಜರ್ಲೆಂಡಿನ ಜರ್ಮಾಟ್ ಮುಂತಾದ ಕಡೆಗಳಲ್ಲಿ ಆಟಗಾರರು ಹಿಮನದಿಗಳನ್ನೇ ಆಶ್ರಯಿಸಿದ್ದಾರೆ.

ಮಂಜುಗಡ್ಡೆ ಘನವಸ್ತು. ಅದು ಹರಿಯುವುದು ಹೇಗೆ? ವರ್ಷವರ್ಷವೂ ಬಿದ್ದ ಹಿಮ ಒಂದರ ಮೇಲೊಂದು ಒತ್ತಿಕೊಂಡು ಗಟ್ಟಿಯಾದ ಮಂಜಾಗುತ್ತದೆ. ಹತ್ತಾರು ಮೀಟರ್ ದಪ್ಪವಾದಾಗ, ತನ್ನದೇ ಭಾರಕ್ಕೆ, ದಪ್ಪ ಬೆಲ್ಲದ ಪಾಕದಂತೆ ಅತಿ ನಿಧಾನವಾಗಿ ಇಳಿಜಾರಿನತ್ತ ಸರಿಯತೊಡಗುತ್ತದೆ. ಬಂಡೆಗೆ ಉಜ್ಜುವ ಅಂಚುಗಳಲ್ಲಿ ವೇಗ ಕಡಿಮೆ, ನಡುವೆ ಹೆಚ್ಚು. ಅಗಾಸಿ ಹಿಮನದಿಗೆ ಅಡ್ಡಲಾಗಿ ನೇರ ಸಾಲಿನಲ್ಲಿ ಗೂಟಗಳನ್ನು ನೆಟ್ಟು ಇದನ್ನು ತೋರಿಸಿಕೊಟ್ಟ. ಮರುವರ್ಷ ನೋಡಿದರೆ ಆ ಸಾಲು ಬಿಲ್ಲಿನಂತೆ ಬಾಗಿತ್ತು.

ಗೂಟಗಳ ಬದಲು ಲಿಫ್ಟಿನ ಕಂಬಗಳಿದ್ದರೆ ಅವುಗಳ ಪಾಡೂ ಅಷ್ಟೇ. ಲಿಫ್ಟುಗಳಿರುವ ಹಿಮನದಿಗಳು ಸಾಮಾನ್ಯವಾಗಿ ಉಂಟರಾರಿನಷ್ಟು ವೇಗದವಲ್ಲ. ಆದರೂ ಒಂದು ಕಂಬ ವರ್ಷಕ್ಕೆ 10 ಮೀಟರ್ ಸರಿಯುತ್ತದೆ ಎಂದಿಟ್ಟುಕೊಂಡರೆ, ದಿನಕ್ಕೆ ಹೆಚ್ಚುಕಡಿಮೆ ಮೂರು ಸೆಂಟಿಮೀಟರ್ ಆಯಿತು. ಎರಡು ತಿಂಗಳಲ್ಲಿ ಒಂದೂವರೆ ಮೀಟರಿಗೂ ಹೆಚ್ಚು! ಬಾವಿಯ ರಾಟೆ ಸ್ವಲ್ಪ ಓರೆಯಾದರೂ ಹಗ್ಗ ಗಾಡಿಯಿಂದ ಹೊರಗೆ ಜಾರುವುದನ್ನು ನೀರು ಸೇದಿದವರೆಲ್ಲ ಬಲ್ಲರು. ಇಲ್ಲಿ ಹಗ್ಗ ಉಕ್ಕಿನದು, ಅದನ್ನು ಹಿಡಿದವರು ಮನುಷ್ಯರು.

ಹೀಗಾಗಿ ಹಿಮನದಿಯ ಮೇಲಿನ ಲಿಫ್ಟಿನ ಕೆಲಸ ಒಮ್ಮೆ ಕಟ್ಟಿದರೆ ಮುಗಿಯುವಂಥದಲ್ಲ. ಸಾಧ್ಯವಾದಲ್ಲೆಲ್ಲ ಎರಡು ತುದಿಯ ನಿಲ್ದಾಣಗಳನ್ನು ಬಂಡೆಯ ಮೇಲೆಯೇ ಕಟ್ಟುತ್ತಾರೆ. ನಡುವಿನ ಕಂಬಗಳಿಗೆ ಆಳವಾದ ಕಾಂಕ್ರೀಟ್ ಅಡಿಪಾಯದ ಬದಲು ಮಂಜಿನ ಮೇಲೆ ಕೂರುವ ತೊಲೆಗಳ ಅಥವಾ ಉಕ್ಕಿನ ಚೌಕಟ್ಟಿನ ಪೀಠ ಕೊಡುವುದುಂಟು. ಭೂಮಾಪನ ಉಪಕರಣಗಳಿಂದ ಪ್ರತಿ ಕಂಬದ ಸ್ಥಾನವನ್ನು ಅಳೆದು, ಸಾಲು ತಪ್ಪಿದ್ದನ್ನು ಯಂತ್ರಗಳಿಂದ ಎಳೆದು ಮತ್ತೆ ನೇರಕ್ಕೆ ತರುತ್ತಾರೆ. ಮಂಜಿನ ಬಿರುಕುಗಳು ಹಿಮದಡಿ ಅಡಗಿರುವುದರಿಂದ ಕೆಲಸಗಾರರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ನಡೆಯಬೇಕಾಗುತ್ತದೆ.

ಇಂಥ ಕಡೆ ಗಾಳಿಯಲ್ಲಿ ತೂಗುವ ಕುರ್ಚಿಗಳಿಗಿಂತ 'ಟಿ-ಬಾರ್' ಲಿಫ್ಟುಗಳೇ ಹೆಚ್ಚು ಕಾಣಸಿಗುತ್ತವೆ. ಇಂಗ್ಲಿಷಿನ 'ಟಿ' ಅಕ್ಷರವನ್ನು ತಲೆಕೆಳಗೆ ಮಾಡಿದಂಥ ಸರಳು ಹಗ್ಗದಿಂದ ತೂಗುತ್ತದೆ. ಅದು ಆಟಗಾರನನ್ನು ಹಿಂದಿನಿಂದ ಒತ್ತಿ ಹಿಮದ ಮೇಲೆಯೇ ಎಳೆದೊಯ್ಯುತ್ತದೆ. ಹಗ್ಗ ಜಾರಿದರೂ ಎತ್ತರದಿಂದ ಬೀಳುವ ಭಯವಿಲ್ಲ. ಇದಲ್ಲದೆ ರಾಟೆಗಳ ಬಳಿ ಸುಲಭವಾಗಿ ಮುರಿಯುವ ಪುಟ್ಟ ಸರಳೊಂದನ್ನು ಅಳವಡಿಸಿರುತ್ತಾರೆ. ಅದರ ಮೂಲಕ ವಿದ್ಯುತ್ ಹರಿಯುತ್ತಿರುತ್ತದೆ. ದಾರಿ ತಪ್ಪಿದ ಹಗ್ಗ ಬಡಿದರೆ ಸರಳು ಮುರಿದು ಮಂಡಲ ಕಡಿಯುತ್ತದೆ, ಮೋಟಾರು ನಿಲ್ಲುತ್ತದೆ. ಶಾಲೆಯಲ್ಲಿ ಕಲಿಯುವ ಸರಳ ವಿದ್ಯುತ್ ಮಂಡಲದ ಪಾಠವೇ ಇಲ್ಲಿ ಜೀವ ಕಾಯುತ್ತದೆ.

ಮಂಜಿನ ಗೊಡವೆಯೇ ಬೇಡವೆಂದು ಅದನ್ನು ದಾಟಿದವರೂ ಉಂಟು. ಮಾಂಟ್ ಬ್ಲಾಂಕ್ ಪರ್ವತದ ಬಳಿ ಫ್ರಾನ್ಸಿನಿಂದ ಇಟಲಿಯ ಗಡಿಗೆ ಹಿಮನದಿಗಳ ಮೇಲೆ ಹಾಯುವ ಸುಮಾರು 5 ಕಿ.ಮೀ. ಉದ್ದದ ಹಗ್ಗದ ಹಾದಿ 1950ರ ದಶಕದಲ್ಲಿ ನಿರ್ಮಾಣವಾಯಿತು. ಅದರ ಒಂದೇ ಒಂದು ಕಂಬವೂ ಮಂಜಿನ ಮೇಲಿಲ್ಲ. ಒಂದು ಆಸರೆಯನ್ನಂತೂ ಬಂಡೆಗಳ ನಡುವೆ ಬಿಗಿದ ಹಗ್ಗಗಳಿಂದ ಗಾಳಿಯಲ್ಲೇ ತೂಗುಹಾಕಿದ್ದಾರೆ.

ಮಂಜು ಮುಂದಕ್ಕೆ ಹರಿದರೆ ಕಂಬವನ್ನು ಹಿಂದಕ್ಕೆ ಎಳೆಯಬಹುದು. ಆದರೆ ಮಂಜೇ ತೆಳುವಾದರೆ? ಬಿಸಿಲಿಗೆ ಕಾಯುವ ಉಕ್ಕಿನ ಸುತ್ತ ಅದು ಇನ್ನೂ ಬೇಗ ಕರಗುತ್ತದೆ. ಅದಕ್ಕೆ ಕಂಬಗಳ ಬುಡಕ್ಕೆ ಹಿಮ ಒಟ್ಟಿ, ಬಿಳಿಯ ದಪ್ಪ ಬಟ್ಟೆ ಹೊದಿಸುತ್ತಾರೆ. ಬಿಳಿ ಬಣ್ಣ ಬಿಸಿಲನ್ನು ಪ್ರತಿಫಲಿಸುವುದರಿಂದ ಕರಗುವಿಕೆ ಅರ್ಧಕ್ಕಿಂತಲೂ ತಗ್ಗುತ್ತದೆ. ಸ್ವಿಟ್ಜರ್ಲೆಂಡಿನ ಆಂಡರ್‌ಮಾಟ್‌ನಲ್ಲಿ 2005ರಲ್ಲೇ ಹೀಗೆ ಹೊದಿಸಲಾಯಿತು. ಆದರೆ ಇಡೀ ಹಿಮನದಿಗೆ ಹೊದಿಕೆ ಹೊಲಿಯಲಾದೀತೆ? 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಮಂಜಿನ ಹತ್ತನೇ ಒಂದು ಭಾಗವನ್ನು ಕಳೆದುಕೊಂಡವು. ಜರ್ಮಾಟ್‌ನಲ್ಲಿ 2022ರ ಜುಲೈ ಕೊನೆಗೆ ಬೇಸಿಗೆಯ ಸ್ಕೀಯಿಂಗನ್ನೇ ನಿಲ್ಲಿಸಬೇಕಾಯಿತು.

ಮುಂದೇನಾದೀತು ಎಂಬುದಕ್ಕೆ ದಕ್ಷಿಣ ಅಮೆರಿಕದ ಬೊಲಿವಿಯಾ ದೇಶ ಉದಾಹರಣೆ. ಅಲ್ಲಿನ ಚಕಲ್ತಾಯ ಬೆಟ್ಟದಲ್ಲಿ, 5,000 ಮೀಟರಿಗೂ ಎತ್ತರದ ಹಿಮನದಿಯ ಮೇಲೆ, 1939ರಲ್ಲಿ ಮೋಟಾರು ಕಾರಿನ ಎಂಜಿನ್ ಜೋಡಿಸಿ ಹಗ್ಗದ ಲಿಫ್ಟ್ ನಡೆಸಿದರು. 2009ರ ಹೊತ್ತಿಗೆ ಆ ಹಿಮನದಿ ಪೂರ್ತಿ ಮಾಯವಾಯಿತು. ಎಂಜಿನ್ ಕೆಟ್ಟಿದ್ದರೆ ರಿಪೇರಿ ಮಾಡಬಹುದಿತ್ತು, ಹಗ್ಗ ಸವೆದಿದ್ದರೆ ಬದಲಿಸಬಹುದಿತ್ತು. ಸಾವಿರಾರು ವರ್ಷಗಳ ಹಿಮ ಕೂಡಿ ಆದ ಮಂಜಿಗೆ ಬದಲಿ ಭಾಗ ಯಾವ ಕಾರ್ಖಾನೆಯಲ್ಲೂ ಸಿಗುವುದಿಲ್ಲ.