ಹನ್ನೊಂದು ತಿಂಗಳ ಕರಾರಿಗೂ ನೋಂದಣಿ ಕಡ್ಡಾಯ: ಬಾಡಿಗೆಗೆ ಮನೆ ಕೊಡುವ ಮಾಲಕರೇ, ಎಚ್ಚರ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ ಸೇರಿ, ಹೋಟೆಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದು ಉಳಿಸಿದ ಹಣದಿಂದ ಡೊಂಬಿವಲಿ, ಕಲ್ಯಾಣ್, ಥಾಣೆ, ನವಿಮುಂಬಯಿ ಪರಿಸರದಲ್ಲಿ ಸ್ವಂತ ಮನೆ ಮಾಡಿಕೊಂಡ ತುಳು-ಕನ್ನಡಿಗರು ಅನೇಕರು. ನಿವೃತ್ತಿಯ ಬಳಿಕ ಕೆಲವರು ಊರಿಗೆ ಮರಳಿದ್ದಾರೆ, ಇನ್ನು ಕೆಲವರು ಮಕ್ಕಳೊಂದಿಗೆ ದೊಡ್ಡ ಮನೆಗೆ ಹೋಗಿದ್ದಾರೆ. ಹಳೆಯ ರೂಮ್-ಕಿಚನ್‌ನ ಬಾಡಿಗೆಯೇ ಹಲವರ ಪಾಲಿಗೆ ಪಿಂಚಣಿ. ಆದರೆ ಆ ಮನೆಯನ್ನು ಕೊಡುವಾಗ ಮಾತ್ರ ‘ನಮ್ಮವರೇ ಅಲ್ಲವೇ, ಕಾಗದಪತ್ರ ಯಾಕೆ?’ ಎಂಬ ಧೋರಣೆ ಇನ್ನೂ ಹೋಗಿಲ್ಲ.

ಹಳೆಯ ಭಯ, ಹೊಸ ಕಾಯ್ದೆ

ಹಿರಿಯರಿಗೆ ಬಾಡಿಗೆದಾರನೆಂದರೆ ಭಯವಿರುವುದಕ್ಕೆ ಕಾರಣವಿದೆ. 1947ರ ಮುಂಬಯಿ ಬಾಡಿಗೆ ಕಾಯ್ದೆಗೆ ತಂದ ತಿದ್ದುಪಡಿಯಿಂದ, 1973ರ ಫೆಬ್ರವರಿ 1ರಂದು ಲೈಸನ್ಸ್ ಮೇಲೆ ಮನೆಯಲ್ಲಿದ್ದವರು ಕಾಯಂ ರಕ್ಷಣೆಯುಳ್ಳ ಬಾಡಿಗೆದಾರರಾಗಿ ಬಿಟ್ಟರು. ಆದರೆ 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999 ಲೀವ್ ಆಂಡ್ ಲೈಸನ್ಸ್ ಮೇಲೆ ಮನೆ ಕೊಡುವ ಮಾಲಕನಿಗೆ ಸಾಕಷ್ಟು ರಕ್ಷಣೆ ನೀಡಿದೆ. ಕಾಗದ ಸರಿಯಾಗಿರಬೇಕು, ಅಷ್ಟೆ.

ಈ ಕಾಯ್ದೆಯ 55ನೇ ಕಲಮಿನ ಪ್ರಕಾರ ಕರಾರು ಲಿಖಿತವಾಗಿರಬೇಕು ಮತ್ತು ನೋಂದಣಿಯಾಗಿರಬೇಕು. ಹನ್ನೊಂದು ತಿಂಗಳದ್ದಾದರೆ ನೋಂದಣಿ ಬೇಡ, ಸ್ಟಾಂಪ್ ಪೇಪರಿನಲ್ಲಿ ಬರೆದು ನೋಟರಿ ಮಾಡಿಸಿದರೆ ಸಾಕು ಎಂಬ ನಂಬಿಕೆ ಇಲ್ಲಿ ಸಲ್ಲದು. ನೋಂದಣಿಯ ಹೊಣೆ ಮಾಲಕನದೇ ಹೊರತು ಏಜೆಂಟನದಲ್ಲ. ತಪ್ಪಿದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂ. ವರೆಗೆ ದಂಡ ಅಥವಾ ಎರಡೂ ಆಗಬಹುದು. ಇದಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ನೋಂದಾಯಿತ ಕರಾರು ಇಲ್ಲದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ. ಅದು ಸುಳ್ಳೆಂದು ಮಾಲಕನೇ ಸಾಬೀತುಪಡಿಸಬೇಕು. ಐವತ್ತು ಸಾವಿರ ಡಿಪಾಸಿಟ್ ಪಡೆದಿದ್ದು ಆತ ಒಂದು ಲಕ್ಷವೆಂದರೆ ಮಾಲಕನ ಪಾಡೇನು?

ಕರಾರು ಸರಿಯಿದ್ದರೆ 24ನೇ ಕಲಮು ಮಾಲಕನ ಬೆನ್ನಿಗಿದೆ. ಅವಧಿ ಮುಗಿದರೂ ಮನೆ ಬಿಡದವನ ವಿರುದ್ಧ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಕೋರ್ಟಿನ ದೀರ್ಘ ದಾವೆಯ ಬದಲು ಇಲ್ಲಿ ಸಂಕ್ಷಿಪ್ತ ವಿಚಾರಣೆ ನಡೆಯುತ್ತದೆ. ಬಿಡದೆ ಕುಳಿತ ಅವಧಿಗೆ ಆತ ದುಪ್ಪಟ್ಟು ದರದಲ್ಲಿ ಪರಿಹಾರ ತೆರಬೇಕು.

ಖರ್ಚು ಎಷ್ಟು?

ತಿಂಗಳಿಗೆ 15,000 ರೂ. ಬಾಡಿಗೆ, 50,000 ರೂ. ಡಿಪಾಸಿಟ್, ಹನ್ನೊಂದು ತಿಂಗಳ ಅವಧಿ ಎಂದಿಟ್ಟುಕೊಳ್ಳೋಣ. ಒಟ್ಟು ಬಾಡಿಗೆ 1,65,000 ರೂ. ಇದಕ್ಕೆ ಡಿಪಾಸಿಟ್ ಮೇಲೆ ವಾರ್ಷಿಕ ಶೇ. 10ರಂತೆ ಬಡ್ಡಿ ಸೇರಿಸಿ, ಬಂದ ಮೊತ್ತದ ಶೇ. 0.25 ಮುದ್ರಾಂಕ ಶುಲ್ಕ. ಅದು ಐನೂರು ರೂಪಾಯಿಯನ್ನು ಮೀರದು. ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000 ರೂ. ಏಜೆಂಟರ ಸೇವಾ ಶುಲ್ಕ ಮುಂತಾದವು ಬೇರೆ. ಈಗ ಆಧಾರ್ ಮತ್ತು ಬೆರಳಚ್ಚಿನ ಮೂಲಕ ಆನ್‌ಲೈನ್ ನೋಂದಣಿಯೂ ಇರುವುದರಿಂದ ಕಚೇರಿಯ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಅವಧಿ ಮುಗಿದಾಗ ಹೊಸ ಕರಾರನ್ನು ಮತ್ತೆ ನೋಂದಾಯಿಸಲು ಮಾತ್ರ ಮರೆಯಬಾರದು.

ಪೊಲೀಸರಿಗೆ, ಸೊಸೈಟಿಗೆ ಮಾಹಿತಿ

ಬಾಡಿಗೆದಾರರ ವಿವರವನ್ನು ಪೊಲೀಸರಿಗೆ ತಿಳಿಸುವಂತೆ ಪೊಲೀಸ್ ಆಯುಕ್ತರು ಆಗಾಗ ಆದೇಶ ಹೊರಡಿಸುತ್ತಾರೆ. ಥಾಣೆ, ಡೊಂಬಿವಲಿ, ಕಲ್ಯಾಣ್ ಥಾಣೆ ಆಯುಕ್ತಾಲಯಕ್ಕೆ ಸೇರಿದ್ದು, ನವಿಮುಂಬಯಿಗೆ ಪ್ರತ್ಯೇಕ ಆಯುಕ್ತಾಲಯವಿದೆ. ಆದೇಶ ಮೀರಿದರೆ ಹಿಂದೆ ಭಾರತೀಯ ದಂಡ ಸಂಹಿತೆಯ 188ನೇ ಕಲಮಿನಡಿ ಪ್ರಕರಣ ದಾಖಲಾಗುತ್ತಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮು ಬಂದಿದೆ. ಬಾಡಿಗೆದಾರ ದೂರದ ಸಂಬಂಧಿಕನಾಗಿರಲಿ, ಊರಿನವನಾಗಿರಲಿ, ಮಾಹಿತಿ ಕೊಟ್ಟು ಅದರ ಪ್ರತಿಯನ್ನು ಇಟ್ಟುಕೊಳ್ಳುವುದು ಲೇಸು.

ಹೌಸಿಂಗ್ ಸೊಸೈಟಿಗೂ ಕರಾರಿನ ಪ್ರತಿ ನೀಡಬೇಕು. ಬಾಡಿಗೆಗೆ ಕೊಟ್ಟ ಮನೆಗೆ ಸೊಸೈಟಿ ವಿಧಿಸುವ ನಾನ್-ಆಕ್ಯುಪೆನ್ಸಿ ಶುಲ್ಕ, ಪಾಲಿಕೆಯ ತೆರಿಗೆ ಹೊರತುಪಡಿಸಿ ಸೇವಾ ಶುಲ್ಕದ ಶೇ. 10ನ್ನು ಮೀರುವಂತಿಲ್ಲವೆಂದು 2001ರ ಆಗಸ್ಟ್ 1ರ ಸರಕಾರಿ ಆದೇಶ ಹೇಳುತ್ತದೆ. ಇದಕ್ಕಿಂತ ಹೆಚ್ಚು ಕೇಳಿದರೆ ಪ್ರಶ್ನಿಸುವ ಹಕ್ಕು ಸದಸ್ಯನಿಗಿದೆ.

ಮಾದರಿ ಕಾಯ್ದೆಯ ಗೊಂದಲ

ಡಿಪಾಸಿಟ್ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿರಬಾರದೆಂಬ ಮಾತು ಮೊಬೈಲ್‌ಗಳಲ್ಲಿ ಹರಿದಾಡುವುದುಂಟು. ಅದರ ಮೂಲ, 2021ರ ಜೂನ್ 2ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ಹೆಸರೇ ಹೇಳುವಂತೆ ಅದು ರಾಜ್ಯಗಳಿಗೆ ಒಂದು ಮಾದರಿ. ರಾಜ್ಯ ತನ್ನ ಕಾನೂನು ಮಾಡದೆ ತಾನಾಗಿ ಜಾರಿಯಾಗದು.

ನೋಂದಾಯಿತ ಕರಾರಿನಿಂದ ಬಾಡಿಗೆದಾರನಿಗೂ ಲಾಭವಿದೆ. ಊರಿನಿಂದ ಹೊಸದಾಗಿ ಬಂದ ತರುಣನಿಗೆ ಅದೇ ವಿಳಾಸದ ದಾಖಲೆ. ವರ್ಷವೂ ಆರೋಗ್ಯ ಶಿಬಿರ, ಪುಸ್ತಕ ವಿತರಣೆ ನಡೆಸುವ ನಮ್ಮ ಸಂಘಗಳು ಬಳಗದ ನ್ಯಾಯವಾದಿಗಳನ್ನು ಕರೆಸಿ ಒಂದು ಸಂಜೆ ಈ ಬಗ್ಗೆಯೂ ಮಾಹಿತಿ ಶಿಬಿರ ಏರ್ಪಡಿಸಿದರೆ ಉಪಕಾರವಾದೀತು. ಜೀವಮಾನವಿಡೀ ದುಡಿದು ಕೊಂಡ ಮನೆಯನ್ನು ಒಂದು ಕಾಗದದ ಉದಾಸೀನದಿಂದ ವ್ಯಾಜ್ಯಕ್ಕೆ ಸಿಲುಕಿಸುವುದು ಬೇಡ.